ಸಹಾಯ ಬೇಕು: ನಾಯಿ ಜೊತೆ ಟೆಂಟ್ ಹಾಕೋಕೆ ಜಾಗ (ಸಾಗರ, ಹೊನ್ನಾವರ ಕಡೆ)

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೇಲಿ ಬೆಂಗಳೂರಿಂದ ಕಾರಲ್ಲಿ ಹೊರಡ್ತಿದ್ದೀವಿ. ನಾನು, ನನ್ನ ಹೆಂಡತಿ, ಮತ್ತೆ ನಮ್ಮ ಕರಿಯ. ಬೀದಿಯಿಂದ ಬಂದವನು, ಈಗ ಮನೆ ಯಜಮಾನ. ಒಂದು ರಾತ್ರಿ ಕಾಡಂಚು, ಒಂದು ರಾತ್ರಿ ಶರಾವತಿ ಹಿನ್ನೀರು, ಒಂದು ರಾತ್ರಿ ಕಡಲತೀರ ಅನ್ನೋದು ಲೆಕ್ಕ.

ಅಭಯಾರಣ್ಯದೊಳಗೆ ನಾಯಿ ಕರ್ಕೊಂಡು ಹೋಗೋ ಮಾತೇ ಇಲ್ಲ. 2018ರಲ್ಲಿ ಗಿರ್‌ನ ಸಿಂಹಗಳನ್ನ ಕೊಂದ ಡಿಸ್ಟೆಂಪರ್ ನಾಯಿಗಳಿಗೂ ಬರೋ ರೋಗ, ಅವುಗಳಿಂದ ಕಾಡುಪ್ರಾಣಿಗಳಿಗೆ ಹರಡಬಹುದು. ಹಾಗಾಗಿ ಅಭಯಾರಣ್ಯದ ಹೊರಗೆ, ಯಾರದ್ದಾದ್ರೂ ತೋಟದಲ್ಲಿ ಜಾಗ ಇದ್ರೆ ಹೇಳಿ. ಬಾಡಿಗೆ ಕೊಡ್ತೀವಿ.

ಹೋದ ಸಲ ಒಂದು ಕಡೆ ಫೋನಲ್ಲಿ "ನಾಯಿ ತನ್ನಿ ಸಾರ್, ತೊಂದ್ರೆ ಇಲ್ಲ" ಅಂದವರು, ಹೋದ್ಮೇಲೆ ಕೊಟ್ಟಿಗೇಲಿ ಕಟ್ಟಿ ಅಂದ್ರು. ಇವನು ಊಳಿಟ್ಟ ಊಳಿಗೆ ಕೊನೆಗೆ ನಾನೂ ಚಾಪೆ ತಗೊಂಡು ಅಲ್ಲೇ ಮಲಗಿದೆ. ಪಕ್ಕದಲ್ಲಿ ಎಮ್ಮೆ, ಬೆಳಗಿನವರೆಗೂ ಮೆಲುಕು.

ಇನ್ನೊಂದು ಭಯ ಉಣುಗು. ಉಣುಗಿಂದ ಹರಡೋ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ಸೊರಬದ ಕ್ಯಾಸನೂರಲ್ಲಿ, 1957ರಲ್ಲಿ. ನವೆಂಬರಲ್ಲೇ ಉಣುಗು ಜಾಸ್ತಿ ಇರುತ್ತಾ? ಕರಿಯನ ಕಿವಿ ಹಿಂದೆ, ಬೆರಳ ಸಂದಿ ದಿನಾ ಹುಡುಕ್ತೀವಿ. ಅಲ್ಲಿನವರು ಇನ್ನೇನು ಮಾಡ್ತೀರಿ? ಚಿರತೆ ಕಾಟ ಇರೋ ಕಡೆ ಆದ್ರೆ ಅದನ್ನೂ ಮೊದಲೇ ಹೇಳ್ಬಿಡಿ. ರಾತ್ರಿ ಇವನು ಟೆಂಟ್ ಒಳಗೇ, ನಮ್ಮ ಕಾಲಮೇಲೇ ಮಲಗೋದು.

ಕಾಸರಕೋಡು ಬ್ಲೂ ಫ್ಲ್ಯಾಗ್ ತೀರ (ಸ್ವಚ್ಛತೆ, ಸುರಕ್ಷತೆಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ), ಅಲ್ಲಿ ನಾಯಿಗೆ ಕಟ್ಟುನಿಟ್ಟು. ಅದು ಬಿಟ್ಟು ಹೊನ್ನಾವರ, ಕುಮಟಾ ಕಡೆ ಬೀದಿನಾಯಿ ಗುಂಪು ಕಮ್ಮಿ ಇರೋ ತೀರ ಯಾವುದು? ಹೋಗಿ ಬಂದವರು ಹೇಳಿ, ಪ್ಲೀಸ್.