ಪದಚರ್ಚೆ: ‘ಹಿಡ್ಕತದೆ’, ‘ಮರಗಟ್ಟಿದೆ’, ‘ಮುರುಟಿದೆ’ – ನಿಮ್ಮ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ನಾನು ಫಿಸಿಯೋಥೆರಪಿ ಮೂರನೇ ವರ್ಷದ ವಿದ್ಯಾರ್ಥಿನಿ. ಊರು ತೀರ್ಥಹಳ್ಳಿ ಕಡೆ, ಓದುತ್ತಿರುವುದು ಮೈಸೂರು ಸೀಮೆಯಲ್ಲಿ. ಕಳೆದ ವರ್ಷ ಪ್ಯಾಥಾಲಜಿಯನ್ನು (ರೋಗಶಾಸ್ತ್ರ) ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಬರೆದು ಪಾಸಾದೆ. ಈ ವರ್ಷ ವಾರ್ಡಿಗೆ ಬಿಟ್ಟರು. ಓದಿದ್ದನ್ನು ರೋಗಿಯ ಮನೆಯವರಿಗೆ ಹೇಳಬೇಕಾದಾಗ ನನ್ನ ಬಾಯಲ್ಲಿ ಪದವೇ ಇರಲಿಲ್ಲ. ಪಾರಿಭಾಷಿಕ ಪದಕೋಶ ತೆಗೆದು ನೋಡಿದೆ, ಅಲ್ಲಿ ಪದಗಳಿವೆ, ಆದರೆ ಅವನ್ನು ಹೇಳಿದರೆ ಎದುರಿಗಿದ್ದವರ ಮುಖ ಹಾಗೇ ಇರುತ್ತದೆ. ಅದಕ್ಕೇ ನಿಮ್ಮನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಮಂಡ್ಯ ಕಡೆಯ ಒಬ್ಬ ಅಜ್ಜಿಯ ವಿಷಯ. ಪಾರ್ಶ್ವವಾಯು ಆಗಿ ಎರಡು ತಿಂಗಳಾಗಿತ್ತು. ಬಲಗೈ ಮೊಣಕೈಯಲ್ಲಿ ಮಡಚಿ ಎದೆಗೆ ಒತ್ತಿಕೊಂಡಿತ್ತು, ಬೆರಳು ಮುಷ್ಟಿಯಾಗಿದ್ದವು. ನಾನು ಪಾಠದಲ್ಲಿ ಕಲಿತಂತೆ ಅವರ ಮೊಣಕೈಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಬೇಗನೆ ಬಿಡಿಸಿ ನೋಡುತ್ತಿದ್ದೆ. ಎರಡನೇ ಸಲ ಅರ್ಧ ದಾರಿಯಲ್ಲಿ ಕೈ ತಡೆಯಿತು. ಅಜ್ಜಿ ನನ್ನ ಮುಖ ನೋಡಿ ಹೇಳಿದರು: ‘ಮೆಲ್ಲಗೆ ಎಳುದ್ರೆ ಬತ್ತದೆ ಕನವ್ವ, ಬಿರ್ನೆ ಎಳುದ್ರೆ ಹಿಡ್ಕತದೆ.’

ನಾನು ಅಲ್ಲೇ ನಿಂತುಬಿಟ್ಟೆ. ಅಜ್ಜಿಯ ಕೈಯಲ್ಲಿದ್ದಂಥ ಬಿಗಿಗೆ ನಾವು ಸ್ಪಾಸ್ಟಿಸಿಟಿ ಎನ್ನುತ್ತೇವೆ. ಅದಕ್ಕೆ 1980ರಲ್ಲಿ ಲ್ಯಾನ್ಸ್ ಎಂಬ ನರವಿಜ್ಞಾನಿ ಕೊಟ್ಟ ವ್ಯಾಖ್ಯೆಯನ್ನು ನಾವು ಇವತ್ತಿಗೂ ಪರೀಕ್ಷೆಯಲ್ಲಿ ಬರೆಯುತ್ತೇವೆ. ಅದರ ತಿರುಳು ಇಷ್ಟೇ: ಸ್ನಾಯುವನ್ನು ಎಷ್ಟು ವೇಗವಾಗಿ ಹಿಗ್ಗಿಸುತ್ತೇವೋ ಅಷ್ಟು ಹೆಚ್ಚು ಅದು ತಡೆಯುತ್ತದೆ. ಅಜ್ಜಿ ಅದನ್ನೇ ಒಂದು ವಾಕ್ಯದಲ್ಲಿ ಹೇಳಿದ್ದರು. ಇನ್ನೊಂದು ಮಾತು. ಈ ಬಿಗಿಯನ್ನು ಅಳೆಯಲು ನಾವು ಬಳಸುವ ಪರಿಷ್ಕೃತ ಆಶ್‌ವರ್ತ್ ಅಳತೆ 1987ರದ್ದು. 0ಯಿಂದ 4ರವರೆಗೆ ಅಂಕ, ನಡುವೆ 1+ ಸೇರಿ ಒಟ್ಟು ಆರು ಹಂತ. ಅದರ 1ನೇ ಅಂಕದ ವಿವರಣೆಯಲ್ಲೇ ‘ಹಿಡಿದು ಬಿಡುವುದು’ ಎಂಬ ಅರ್ಥದ ಮಾತಿದೆ. ನಮ್ಮ ಅಜ್ಜಿಯ ‘ಹಿಡ್ಕತದೆ’ ಆ ಅಳತೆಯ ಮಾತೇ.

ಇದಕ್ಕೆ ನನ್ನ ಕೈಯಲ್ಲಿದ್ದ ಕನ್ನಡ ಪದವೆಂದರೆ ‘ಬಿಗಿತ’. ಸಮಸ್ಯೆ ಏನೆಂದರೆ ನಾವು ಎಲ್ಲಕ್ಕೂ ಬಿಗಿತ ಅನ್ನುತ್ತೇವೆ. ಪಾರ್ಕಿನ್ಸನ್ ರೋಗದವರ ಕೈಯೂ ಬಿಗಿತವೇ. ಆದರೆ ಅದು ಬೇರೆ ಬಗೆಯದು: ಮೆಲ್ಲಗೆ ಎಳೆಯಿರಿ, ಬೇಗ ಎಳೆಯಿರಿ, ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ತಡೆ. ಕೆಲವರಲ್ಲಿ ಹಲ್ಲುಚಕ್ರ ತಿರುಗಿದ ಹಾಗೆ ಕಟ್ ಕಟ್ ಎಂದು ಬಿಟ್ಟು ಬಿಟ್ಟು ಬರುತ್ತದೆ. ಬಹಳ ದಿನ ಮಡಚಿಯೇ ಇದ್ದ ಕೈಯ ಬಿಗಿತ ಮೂರನೆಯದು. ಗಿಡ್ಡವಾದ ಸ್ಥಿತಿಯಲ್ಲೇ ಉಳಿದ ಸ್ನಾಯು ತನ್ನ ಎಳೆಗಳ ಉದ್ದಕ್ಕೂ ಇರುವ ತುಣುಕುಗಳಲ್ಲಿ ಕೆಲವನ್ನು ಕಳೆದುಕೊಂಡು ನಿಜವಾಗಿಯೂ ಗಿಡ್ಡವಾಗಿರುತ್ತದೆ. ಅದನ್ನು ಎಷ್ಟು ಮೆಲ್ಲಗೆ ಎಳೆದರೂ ಒಂದು ಹಂತದ ಮೇಲೆ ಬರುವುದಿಲ್ಲ. ಮೂರರ ಕಾರಣವೂ ಬೇರೆ, ಮಾಡಬೇಕಾದ ಚಿಕಿತ್ಸೆಯೂ ಬೇರೆ. ಮನೆಯವರಿಗೆ ಮೂರನ್ನೂ ‘ಬಿಗಿತ’ ಎಂದು ಹೇಳಿ ಕಳಿಸಿದರೆ, ಅವರು ಮೂರಕ್ಕೂ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿ ಎಳೆಯುತ್ತಾರೆ.

ಆಮೇಲೆ ನಾನು ನಾಮಪದ ಹುಡುಕುವುದನ್ನು ಬಿಟ್ಟು ರೋಗಿಗಳು ಆಡುವ ಕ್ರಿಯಾಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಪಾರ್ಶ್ವವಾಯು ಆದ ಹೊಸದರಲ್ಲಿ ‘ಕೈ ಜೋತುಬಿದ್ದಿದೆ’ ಅನ್ನುತ್ತಾರೆ. ವಾರಗಳು ಕಳೆದ ಮೇಲೆ ‘ಹಿಡಿದುಕೊಳ್ಳುತ್ತದೆ’. ಆರೈಕೆ ಸರಿಯಾಗದೆ ತಿಂಗಳುಗಳು ಕಳೆದರೆ ‘ಮುದುಡಿದೆ’, ‘ಮುರುಟಿಕೊಂಡಿದೆ’. ಮೆಣಸಿನ ಗಿಡಕ್ಕೆ ಮುಟುರು ರೋಗ ಬಂದಾಗ ಎಲೆ ಹೇಗೆ ಒಳಮುಖವಾಗಿ ಸುತ್ತಿಕೊಳ್ಳುತ್ತದೋ ಹಾಗೆ. ಈ ಮೂರು ಕ್ರಿಯಾಪದಗಳನ್ನು ಸಾಲಾಗಿ ಇಟ್ಟರೆ ಕಳೆದ ವರ್ಷ ನಾನು ಓದಿದ ಒಂದು ಅಧ್ಯಾಯವೇ ಆಗುತ್ತದೆ. ರೋಗ ಒಂದು ವಸ್ತುವಲ್ಲ, ಅದು ನಡೆಯುತ್ತಿರುವ ಕೆಲಸ. ನಮ್ಮ ಜನ ಅದನ್ನು ಕ್ರಿಯಾಪದದಲ್ಲಿ ಹೇಳುವುದು ಸರಿಯಾಗಿಯೇ ಇದೆ, ಪದಕೋಶಗಳು ಅದನ್ನು ನಾಮಪದ ಮಾಡಿದಾಗ ಹಂತಗಳು ಮಾಯವಾಗುತ್ತವೆ ಎಂದು ನನಗೆ ಬಲವಾಗಿ ಅನಿಸುತ್ತಿದೆ. ಜೋತುಬಿದ್ದ ಹಂತದಲ್ಲಿ ಕೈಯ ಭಾರವೇ ಭುಜದ ಕೀಲನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಭುಜದ ತುದಿಮೂಳೆಯ ಕೆಳಗೆ ಒಂದು ಬೆರಳು ಹಿಡಿಸುವಷ್ಟು ಸಂದು ಕೈಗೆ ಸಿಗುತ್ತದೆ. ಆಗ ‘ಜೋತುಬಿದ್ದಿರುವ ಕೈಯನ್ನು ಹಿಡಿದು ಎಬ್ಬಿಸಬೇಡಿ, ಕೆಳಗೆ ದಿಂಬು ಕೊಡಿ’ ಎಂದರೆ ಮನೆಯವರಿಗೆ ತಕ್ಷಣ ತಿಳಿಯುತ್ತದೆ. ‘ಶಿಥಿಲ ಪಾರ್ಶ್ವವಾಯು’ ಎಂದರೆ ಏನೂ ತಿಳಿಯುವುದಿಲ್ಲ.

ಇನ್ನು ‘ಮರಗಟ್ಟು’. ಇದರಲ್ಲಿ ನನ್ನಿಂದ ತಪ್ಪಾಗಿದೆ, ಅದನ್ನು ಹೇಳಲೇಬೇಕು. ನಮ್ಮ ಮನೆಯಲ್ಲಿ ಮರಗಟ್ಟುವುದೆಂದರೆ ಮುಟ್ಟಿದ್ದು ಗೊತ್ತಾಗದಿರುವುದು. ಸಕ್ಕರೆ ಕಾಯಿಲೆಯ ಜೊತೆಗೆ ಭುಜ ಹಿಡಿದುಕೊಂಡಿದ್ದ ಒಬ್ಬ ರೈತರನ್ನು ‘ಕೈ ಮರಗಟ್ಟಿದೆಯಾ ಯಜಮಾನ್ರೇ?’ ಎಂದು ಕೇಳಿದೆ. ‘ಹೂಂ ಕನವ್ವ, ಮರ ಆದಂಗಾಗದೆ’ ಎಂದರು. ಸ್ಪರ್ಶಜ್ಞಾನ ಕಡಿಮೆ ಎಂದು ಬರೆದುಕೊಂಡೆ. ಸ್ಪರ್ಶ ತಿಳಿಯದ ಕಡೆ ಶಾಖ ಕೊಡುವಂತಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಹಾಗಾಗಿ ಎರಡು ದಿನ ಅವರಿಗೆ ಶಾಖ ಕೊಡಲಿಲ್ಲ. ಮೂರನೇ ದಿನ ನಮ್ಮ ಮೇಡಂ ಆ ರೈತರ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಅಲ್ಲಲ್ಲಿ ಸವರಿದರು. ಅವರು ಪ್ರತಿ ಸಲವೂ ಸರಿಯಾದ ಜಾಗ ಹೇಳಿದರು. ಅವರ ಅರ್ಥದಲ್ಲಿ ಮರಗಟ್ಟುವುದೆಂದರೆ ಮರದಂತೆ ಸೆಟೆಯುವುದು, ಅಲ್ಲಾಡದಿರುವುದು. ನಾನು ಪದವನ್ನು ನಂಬಿದೆ, ಹತ್ತಿ ತೆಗೆದುಕೊಳ್ಳಲಿಲ್ಲ. ಆ ಎರಡು ದಿನ ಆ ಮನುಷ್ಯ ನೋವಿನಲ್ಲೇ ವ್ಯಾಯಾಮ ಮಾಡಿದರು. ಇದೇ ತಪ್ಪು ತಿರುಗಾ ಮುರುಗಾ ಆಗಿದ್ದರೆ, ಸ್ಪರ್ಶವಿಲ್ಲದ ಕೈಗೆ ಶಾಖ ಕೊಟ್ಟು ಸುಟ್ಟಿರುತ್ತಿದ್ದೆ.

ಜೋಮು, ಜುಮ್ಮೆನ್ನುವುದು, ಮರಗಟ್ಟುವುದು ಇವುಗಳ ನಡುವೆ ನಿಮ್ಮ ಕಡೆ ಗೆರೆ ಎಲ್ಲಿದೆ? ಕಾಲು ಮಡಚಿ ಕೂತು ಎದ್ದಾಗ ಆಗುವುದು ನಮ್ಮಲ್ಲಿ ಜೋಮು. ಹುಬ್ಬಳ್ಳಿಯ ನನ್ನ ರೂಮ್‌ಮೇಟ್ ‘ಕಾಲು ಜೋಮು ಹಿಡದೈತಿ’ ಅನ್ನುತ್ತಾಳೆ. ಇರುವೆ ಹರಿದಂತೆ ಆಗುವುದಕ್ಕೂ ಪೂರ್ತಿ ಏನೂ ತಿಳಿಯದಿರುವುದಕ್ಕೂ ಅವಳು ಅದನ್ನೇ ಬಳಸುತ್ತಾಳೆ. ನಮಗೆ ಅವೆರಡೂ ಬೇರೆ ಬೇರೆ ಬರೆದುಕೊಳ್ಳಬೇಕಾದ ಲಕ್ಷಣಗಳು.

‘ಲಕ್ವ’ದ ಬಗ್ಗೆ ಈ ಗುಂಪಿನ ಹಿರಿಯರಿಗೆ ಹೆಚ್ಚು ಗೊತ್ತಿರಬಹುದು. ಮೂಲ ಅರಬಿ ಪದ. ಯುನಾನಿ ವೈದ್ಯದಲ್ಲಿ ಲಕ್ವ ಎಂದರೆ ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಅರ್ಧ ಮೈ ಬಿದ್ದುಹೋಗುವುದಕ್ಕೆ ಫಾಲಿಜ್ ಎಂದು ಬೇರೆ ಪದ. ಆಯುರ್ವೇದದಲ್ಲೂ ಹಾಗೇ ಎರಡು: ಮುಖಕ್ಕೆ ಅರ್ದಿತ, ಮೈಗೆ ಪಕ್ಷಾಘಾತ. ಕನ್ನಡಕ್ಕೆ ಬಂದಾಗ ಲಕ್ವ ಎರಡನ್ನೂ ನುಂಗಿತು. ಇದು ಬರೀ ಪದದ ಕುತೂಹಲವಲ್ಲ. ಮುಖದ ನರವೊಂದೇ ಸೋತಾಗ ಬರುವ ಬೆಲ್ಸ್ ಪಾಲ್ಸಿ ಬಹಳ ಜನರಿಗೆ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೂ ಲಕ್ವ ಎನ್ನುವುದರಿಂದ ‘ನಮ್ಮ ಮಾವಂಗೂ ಲಕ್ವ ಹೊಡೆದಿತ್ತು, ನಾಟಿ ಔಷಧಿ ಕೊಡಿಸಿದ್ವಿ, ಸರಿಹೋಯ್ತು’ ಎಂಬ ಮಾತು ಊರಲ್ಲಿ ಉಳಿಯುತ್ತದೆ. ಆಮೇಲೆ ಮಿದುಳಿನ ರಕ್ತನಾಳ ಕಟ್ಟಿ ಮುಖ, ಕೈ, ಮಾತು ಒಟ್ಟಿಗೆ ಬಿದ್ದವರನ್ನೂ ಅದೇ ಔಷಧಿಗೆ ಕರೆದೊಯ್ಯುತ್ತಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ಮೊದಲ ನಾಲ್ಕೂವರೆ ಗಂಟೆ. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಗುರುತಿದೆ: ಹುಬ್ಬು ಮೇಲೆತ್ತಿಸಿ ನೋಡಿದರೆ, ಬೆಲ್ಸ್ ಪಾಲ್ಸಿಯಲ್ಲಿ ಆ ಕಡೆಯ ಹಣೆ ನೆರಿಗೆಗಟ್ಟುವುದಿಲ್ಲ, ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಉಳಿದಿರುತ್ತದೆ, ಏಕೆಂದರೆ ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ಆದರೆ ಇದು ನಮ್ಮಂಥವರಿಗೆ. ಮನೆಯಲ್ಲಿ ಯಾರೂ ಇದನ್ನು ನೋಡುತ್ತಾ ಕೂರಬಾರದು, ಮುಖ ಸೊಟ್ಟಗಾದರೆ ಮೊದಲು ಆಸ್ಪತ್ರೆಗೆ ಹೋಗಬೇಕು. ಬರೀ ಮುಖ ಸೊಟ್ಟಗಾಗುವುದಕ್ಕೆ ನಿಮ್ಮ ಊರಲ್ಲಿ ಬೇರೆ ಮಾತಿದ್ದರೆ ನನಗೆ ಅದು ತುಂಬಾ ಬೇಕಾಗಿದೆ.

‘ಪಾರ್ಶ್ವವಾಯು’ವಿನಲ್ಲಿ ಇನ್ನೊಂದು ತೊಡಕಿದೆ. ವಾಯು ಎಂದರೆ ಮನೆಮಾತಿನಲ್ಲಿ ಹೊಟ್ಟೆಯ ವಾಯು. ‘ವಾಯು ಪದಾರ್ಥ ನಿಲ್ಸಿದ್ದೀವಿ’ ಎಂದು ಬೇಳೆ, ಕಾಳು, ಆಲೂಗೆಡ್ಡೆ ಬಿಡಿಸಿರುತ್ತಾರೆ. ಸ್ನಾಯು ಕರಗುತ್ತಿರುವ ಹೊತ್ತಿಗೇ ಊಟದಿಂದ ಬೇಳೆ ಹೋಗಿರುತ್ತದೆ. ನಾನು ಈಗ ‘ಸ್ವಾಧೀನ ತಪ್ಪಿದೆ’ ಎಂದು ಹೇಳುತ್ತಿದ್ದೇನೆ. ಹಳೆಯ ಮಾತು, ಎಲ್ಲರಿಗೂ ತಿಳಿಯುತ್ತದೆ, ಕೈ ಇದೆ ಆದರೆ ಅಪ್ಪಣೆ ಕೇಳುತ್ತಿಲ್ಲ ಎನ್ನುವುದು ಅದರಲ್ಲೇ ಇದೆ. ‘ಸ್ವಾಧೀನಕ್ಕೆ ತರೋಣ’ ಎಂದರೆ ವ್ಯಾಯಾಮದ ಉದ್ದೇಶವೂ ಬಂತು.

‘ಉರಿಯೂತ’ದ (ಇನ್‌ಫ್ಲಮೇಷನ್) ಮಾತನ್ನು ಬೇಗ ಮುಗಿಸುತ್ತೇನೆ. ಪದ ಚೆನ್ನಾಗಿ ಕಟ್ಟಿದ್ದಾರೆ. ವೈದ್ಯದ ಬಗ್ಗೆ ಬರೆದ ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲಿ ಹೇಳಿದ ಇದರ ನಾಲ್ಕು ಲಕ್ಷಣ ಕೆಂಪು, ಊತ, ಬಿಸಿ, ನೋವು. ಅವುಗಳಲ್ಲಿ ಬಿಸಿಯೂ ಊತವೂ ಈ ಪದದೊಳಗೇ ಇವೆ. ಆದರೆ ರೋಗಿಗಳು ‘ಉರಿ ಏನಿಲ್ಲ, ಬರೀ ನೋವು’ ಎಂದುಬಿಡುತ್ತಾರೆ. ‘ಬಾವು’ ಎಂದರೆ ಕೆಲವರು ಕೀವಿನ ಕುರು ಅಂದುಕೊಳ್ಳುತ್ತಾರೆ. ‘ಬಾತುಕೊಂಡಿದೆ’ ಎನ್ನುವ ಕ್ರಿಯಾಪದಕ್ಕೆ ಮಾತ್ರ ಯಾರೂ ತಡವರಿಸಿದ್ದು ನಾನು ನೋಡಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಸವೆತ’. ‘ಮಂಡಿ ಸವೆದಿದೆ’ ಎಂದು ಎಕ್ಸ್‌ರೇ ನೋಡಿ ಹೇಳಿ ಕಳಿಸುತ್ತಾರೆ. ನಮ್ಮ ಜನಕ್ಕೆ ಸವೆಯುವುದು ಎಂದರೆ ಚಪ್ಪಲಿ, ಕುಡುಗೋಲು, ಮೆಟ್ಟಿಲು. ಬಳಸಿದಷ್ಟೂ ಸವೆಯುತ್ತದೆ, ಹಾಗಾಗಿ ಬಳಸದೆ ಇಟ್ಟರೆ ಉಳಿಯುತ್ತದೆ ಎಂಬ ತರ್ಕ ಆ ಪದದಲ್ಲೇ ಕೂತಿದೆ. ಅದರಂತೆ ನಡೆಯುವುದನ್ನು ನಿಲ್ಲಿಸುತ್ತಾರೆ, ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಯ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಆದರೆ ಮೂಳೆಯ ತುದಿಯ ಆ ನುಣುಪು ಪದರಕ್ಕೆ ರಕ್ತನಾಳವೇ ಇಲ್ಲ. ಕೀಲಿನ ನೀರಿನಿಂದಲೇ ಅದಕ್ಕೆ ಆಹಾರ, ಆ ನೀರು ಸ್ಪಂಜಿನ ಹಾಗೆ ಒತ್ತಿ ಬಿಟ್ಟಾಗ ಚೆನ್ನಾಗಿ ಒಳಹೋಗುತ್ತದೆ. ಅಂದರೆ ಹದವಾಗಿ ನಡೆದರೆ ಒಳ್ಳೆಯದು. ಮಂಡಿನೋವಿಗೆ ವ್ಯಾಯಾಮವನ್ನೇ ಮೊದಲ ಚಿಕಿತ್ಸೆಗಳಲ್ಲಿ ಒಂದಾಗಿ ಇಟ್ಟಿರುವಾಗ, ಪದ ಅದಕ್ಕೆ ಎದುರಾಗಿ ನಿಂತಿದೆ. ‘ಒಣಗಿದೆ’ ಎನ್ನೋಣವೇ? ‘ಸೊರಗಿದೆ’ ಎನ್ನೋಣವೇ? ನನಗೆ ‘ಸೊರಗಿದೆ’ ಹಿಡಿಸುತ್ತದೆ. ಸೊರಗಿದ್ದಕ್ಕೆ ಆರೈಕೆ ಮಾಡುತ್ತಾರೆ, ಸವೆದದ್ದನ್ನು ಮೂಲೆಗಿಡುತ್ತಾರೆ. ಆದರೆ ಮಂಡಿಗೆ ‘ಸೊರಗು’ ಹೇಳಿದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಕೊನೆಗೆ, ಪ್ಯಾಥಾಲಜಿಗೆ ನಾವು ‘ರೋಗಶಾಸ್ತ್ರ’ ಎನ್ನುತ್ತೇವೆ. ರೋಗ ಹುಟ್ಟಿ, ಹರಡಿ, ನೆಲೆಯೂರುವ ನಡೆಗೆ ಆಯುರ್ವೇದದಲ್ಲಿ ‘ಸಂಪ್ರಾಪ್ತಿ’ ಎಂಬ ಪದ ಮೊದಲಿಂದ ಇದೆ. ನಿದಾನ, ಪೂರ್ವರೂಪ, ರೂಪ, ಉಪಶಯಗಳ ಜೊತೆಗೆ, ರೋಗವನ್ನು ತಿಳಿಯುವ ಐದು ದಾರಿಗಳಲ್ಲಿ ಒಂದು. ಇವತ್ತಿನ ಓದುಗರಿಗೆ ಅದು ‘ದೊರಕಿತು’ ಎಂಬ ಅರ್ಥ ಕೊಡುತ್ತದೆಂಬ ಅಂಜಿಕೆ ನನಗಿದೆ. ‘ರೋಗದ ನಡೆ’ ಎಂದು ಬರೆದರೆ ಸಾಕೇ? ಸಂಸ್ಕೃತ ಬಲ್ಲವರು ಹೇಳಿ.

ಮುಂದಿನ ತಿಂಗಳು ನಾನೂ, ಆಕ್ಯುಪೇಷನಲ್ ಥೆರಪಿ ಓದುತ್ತಿರುವ ನನ್ನ ಗೆಳತಿಯೂ ಸೇರಿ ಪಾರ್ಶ್ವವಾಯು ಆದವರ ಮನೆಗೆ ಕೊಡಲು ಒಂದು ಹಾಳೆ ಸಿದ್ಧಮಾಡುತ್ತಿದ್ದೇವೆ. ಅವಳ ವಿಷಯಕ್ಕೆ ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದು ಬರೆಯುತ್ತಾರೆ. ಅವಳು ಕಲಿಸುವುದು ಒಂದೇ ಕೈಯಲ್ಲಿ ರವಿಕೆ ತೊಡುವುದು, ಮುದ್ದೆ ಮುರಿದು ಉಣ್ಣುವುದು, ಲೋಟ ಹಿಡಿಯುವುದು. ಉದ್ಯೋಗ ಎಂದ ಕೂಡಲೇ ‘ಈ ವಯಸ್ಸಲ್ಲಿ ನನಗ್ಯಾಕವ್ವ ಕೆಲಸ’ ಎಂದು ಬರದೆ ಉಳಿದವರಿದ್ದಾರೆ. ಇದಕ್ಕೂ ಒಂದು ಹೆಸರು ಬೇಕು.

ಪದ ಕಳಿಸುವಾಗ ಊರಿನ ಅಥವಾ ತಾಲ್ಲೂಕಿನ ಹೆಸರು ಹಾಕಿ, ಸಾಧ್ಯವಾದರೆ ಬರೀ ಪದದ ಬದಲು ಮನೆಯಲ್ಲಿ ಆಡುವ ಪೂರ್ತಿ ವಾಕ್ಯ ಬರೆಯಿರಿ. ಕರಾವಳಿ, ಬೀದರ್, ಕಲಬುರಗಿ ಕಡೆಯವರು ನಮ್ಮ ವಾರ್ಡಿಗೆ ಬರುವುದು ಕಡಿಮೆ, ನನ್ನ ನೋಟ್‌ಬುಕ್ಕಿನಲ್ಲಿ ಆ ಪುಟಗಳು ಖಾಲಿ ಇವೆ. ಮೊದಲಿಗೆ ಇದೊಂದನ್ನು ಹೇಳಿ: ಮೆಲ್ಲಗೆ ಎಳೆದರೆ ಬರುವ, ಬೇಗ ಎಳೆದರೆ ತಡೆಯುವ ಆ ಕೈಗೆ ನಿಮ್ಮಲ್ಲಿ ಏನನ್ನುತ್ತಾರೆ?