ಸಹಾಯ ಬೇಕು: ಡೆತ್ ವ್ಯಾಲಿಯಲ್ಲಿ ಗಾಳಿ ಎಚ್ಚರಿಕೆ, ಜೊತೆಗೆ ಅಪ್ಪ-ಅಮ್ಮ

ಎಲ್ಲರಿಗೂ ನಮಸ್ಕಾರ. ಊರಿಂದ ಬಂದಿರೋ ಅಪ್ಪ-ಅಮ್ಮನ್ನ ಕರ್ಕೊಂಡು ಈ ಶನಿವಾರ ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆ ಡೆತ್ ವ್ಯಾಲಿಗೆ ಹೊರಟಿದ್ದೀವಿ. ಎರಡು ರಾತ್ರಿ ಟೆಂಟ್‌ನಲ್ಲಿ, ಸ್ಟೋವ್‌ಪೈಪ್ ವೆಲ್ಸ್ ಹತ್ತಿರ. ಈಗ ನೋಡಿದ್ರೆ ಭಾನುವಾರ ಮಧ್ಯಾಹ್ನ ಕೋಲ್ಡ್ ಫ್ರಂಟ್ (ಮುನ್ನುಗ್ಗಿ ಬರೋ ತಣ್ಣನೆ ಗಾಳಿಯ ಅಲೆ) ಬರುತ್ತಂತೆ, ಜೋರು ಗಾಳಿಯ ಎಚ್ಚರಿಕೆ ಕೊಟ್ಟಿದ್ದಾರೆ.

ಚಳಿಗೆ ನಾನು ಹೆದರಲ್ಲ, ಸ್ವೆಟರ್ ಹಾಕಿದ್ರೆ ಆಯ್ತು. ಭಯ ಧೂಳಿಂದು. ಅಪ್ಪನಿಗೆ ಅಸ್ತಮಾ ಇದೆ. ಎರಡು ವರ್ಷದ ಹಿಂದೆ ಇಂಥದ್ದೇ ಗಾಳಿಯಲ್ಲಿ ಅಲ್ಲೇ ಪಕ್ಕದ ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳ ಕಡೆ ಉಳಿದಿದ್ದೆ. ಟೆಂಟ್ ಜಿಪ್ ಪೂರ್ತಿ ಮುಚ್ಚಿದ್ರೂ ಬೆಳಗ್ಗೆ ಎದ್ದಾಗ ದಿಂಬಿನ ಮೇಲೆ ತಲೆ ಇಟ್ಟಿದ್ದ ಜಾಗ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಂದುಬಣ್ಣ. ಅಲ್ಲಿ ಅಪ್ಪನ್ನ ಮಲಗಿಸೋಕೆ ಮನಸ್ಸು ಒಪ್ತಿಲ್ಲ.

ವೈಲ್ಡ್‌ರೋಸ್‌ಗೆ ಹೋಗೋಣ ಅಂದ್ರೆ ಆ ಕ್ಯಾಂಪಿಂಗ್ ಜಾಗ ಬೆಟ್ಟದ ಮೇಲೆ, ಸುಮಾರು 1,250 ಮೀಟರ್ ಎತ್ತರದಲ್ಲಿದೆ. ಕೆಳಗಿನ ಕಣಿವೆ ಸಮುದ್ರಮಟ್ಟಕ್ಕಿಂತಲೂ ತಗ್ಗು, ಅದರಲ್ಲೇ ಅತಿ ತಗ್ಗಿನ ಜಾಗವಾದ ಬ್ಯಾಡ್‌ವಾಟರ್ ಅಂತೂ 86 ಮೀಟರ್ ಕೆಳಗೆ. ಹಾಗಾಗಿ ಮೇಲೆ ರಾತ್ರಿ ಬಹಳ ಥಂಡಿ ಆಗುತ್ತೆ. ಒಣ ಹವೆ, ಮೋಡ ಇಲ್ಲದ ಆಕಾಶ, ಸೂರ್ಯ ಮುಳುಗಿದ ಕೂಡಲೇ ನೆಲದ ಬಿಸಿಯೆಲ್ಲ ಹಾರಿಹೋಗುತ್ತೆ. ಅಮ್ಮನಿಗೆ ಮಂಡಿನೋವು ಬೇರೆ.

ಶರತ್ಕಾಲದ ಫ್ರಂಟ್ ಬಂದಾಗ ಅಲ್ಲೇ ಉಳಿದವರು ದಯವಿಟ್ಟು ಹೇಳಿ: ಕೆಳಗೆ ಕಣಿವೆಯಲ್ಲೇ ಇರೋ ಫರ್ನೇಸ್ ಕ್ರೀಕ್ ಕಡೆ ಧೂಳು ಕಮ್ಮಿ ಇರುತ್ತಾ? ಫ್ರಂಟ್ ದಾಟಿದ ಮೇಲೆ ಗಾಳಿ ಎಷ್ಟು ಹೊತ್ತಿಗೆ ತಗ್ಗುತ್ತೆ? ಗಟ್ಟಿ ಜಲ್ಲಿ ನೆಲಕ್ಕೆ ಯಾವ ಗೂಟ ನಿಲ್ಲುತ್ತೆ? ಪ್ರವಾಸ ಒಂದು ವಾರ ಮುಂದೂಡೋಕೂ ತಯಾರಿದ್ದೀನಿ. ಶುಕ್ರವಾರ ಸಂಜೆಯೊಳಗೆ ಉತ್ತರ ಸಿಕ್ಕರೆ ತುಂಬಾ ಉಪಕಾರ ಆಗುತ್ತೆ.