ಮಿಲ್ಲಿನ ಟಚ್ ಸ್ಕ್ರೀನ್: ಒಂದು ಬಟನ್ ಒತ್ತಿದರೆ ಪಕ್ಕದ್ದು ಒತ್ತಿಕೊಳ್ಳುತ್ತದೆ

ಮಂಡ್ಯ_ಮಿಲ್:
ನಮ್ಮದು ಮಂಡ್ಯ ಹತ್ತಿರ ಅಕ್ಕಿ ಮಿಲ್ಲು. ಮೂಟೆ ತುಂಬುವ ಮೆಷಿನ್ನಿಗೆ ಟಚ್ ಪ್ಯಾನೆಲ್ ಇದೆ. ಈಚೆಗೆ 25 ಕೆಜಿ ಬಟನ್ ಒತ್ತಿದರೆ ಪಕ್ಕದ 50 ಕೆಜಿ ಒತ್ತಿಕೊಳ್ಳುತ್ತದೆ. ಸರ್ವೀಸಿನವರು ಇಡೀ ಪ್ಯಾನೆಲ್ ಬದಲಾಯಿಸಿ ಅಂತಾರೆ. ಇದು ಫೋನಿನ ತರಹ ಅಲ್ಲ, ಸ್ವಲ್ಪ ಅದುಮಬೇಕು, ಪೆನ್ನಿನ ಹಿಂಬದಿಯಲ್ಲಿ ಒತ್ತಿದರೂ ನಡೆಯುತ್ತದೆ. ಇದು ಕೆಲಸ ಮಾಡುವುದು ಹೇಗೆ? ಬದಲಿಸುವುದಾದರೆ ಫೋನಿನಂಥದ್ದೇ ಹಾಕಿಸಬಹುದಾ?

ಕೂರ್ಗಳ್ಳಿ_ಸರ್ಕ್ಯೂಟ್:
ಅಣ್ಣ, ಅದು ರೆಸಿಸ್ಟಿವ್ ಟಚ್. ಮೇಲೆ ಬಾಗುವ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಾಜು. ಎರಡಕ್ಕೂ ಒಳಮುಖದಲ್ಲಿ ಇಂಡಿಯಮ್ ಟಿನ್ ಆಕ್ಸೈಡ್ ಲೇಪನ ಇರುತ್ತದೆ, ಕರೆಂಟ್ ಹರಿಯುತ್ತದೆ ಆದರೆ ಕಣ್ಣಿಗೆ ಕಾಣುವುದಿಲ್ಲ. ನಡುವೆ ಸಣ್ಣ ಚುಕ್ಕಿಗಳು, ಹಾಳೆ ಗಾಜಿಗೆ ತಾಗದಂತೆ ತಡೆಯುವುದಕ್ಕೆ. ಒತ್ತಿದಾಗ ಆ ಜಾಗದಲ್ಲಿ ಮಾತ್ರ ಎರಡೂ ತಾಗುತ್ತವೆ. ಆಗ ಒಂದು ಪದರದ ಎರಡು ಅಂಚಿಗೆ ವೋಲ್ಟೇಜ್ ಕೊಟ್ಟು, ತಾಗಿದ ಜಾಗದ ವೋಲ್ಟೇಜನ್ನು ಇನ್ನೊಂದು ಪದರದಿಂದ ಓದುತ್ತಾರೆ. 5 ವೋಲ್ಟ್ ಕೊಟ್ಟು ಸರಿಯಾಗಿ ಮಧ್ಯ ಒತ್ತಿದರೆ ಸುಮಾರು 2.5 ಬರುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆ ಕೆಲಸ ಮಾಡುವುದೂ ಹೀಗೇ. ಆಮೇಲೆ ಪದರ ಅದಲುಬದಲು ಮಾಡಿ ಇನ್ನೊಂದು ದಿಕ್ಕು ಓದುತ್ತಾರೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ.

ಅದಕ್ಕೇ ಬೆರಳು, ಪೆನ್ನು, ಗ್ಲೌಸ್ ಯಾವುದಾದರೂ ನಡೆಯುತ್ತದೆ. ಫೋನಿನದು ಕೆಪ್ಯಾಸಿಟಿವ್, ಅಂದರೆ ಒತ್ತಡವನ್ನಲ್ಲ, ಬೆರಳು ತಾಗಿದಾಗ ಆಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸುವಂಥದ್ದು. ದಪ್ಪ ಗ್ಲೌಸ್ ಹಾಕಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ನೀರಿನ ಹನಿ ಬಿದ್ದರೆ ತಾನಾಗೇ ಏನೇನೋ ಒತ್ತಿಕೊಳ್ಳಬಹುದು. ಹೊಟ್ಟು, ತೌಡಿನ ಧೂಳು, ಒದ್ದೆ ಕೈ ಇರುವ ಮಿಲ್ಲಿಗೆ ನಿಮ್ಮದೇ ಸರಿ. ಫ್ಯಾಕ್ಟರಿ ಪ್ಯಾನೆಲ್, ಬಿಲ್ಲಿಂಗ್ ಮೆಷಿನ್, ಆಸ್ಪತ್ರೆ ಉಪಕರಣಗಳಲ್ಲಿ ಇದನ್ನು ಹಾಕುವುದೂ ಇದಕ್ಕೇ. ಬೆಳಕು ಸ್ವಲ್ಪ ಮಂಕು, ಎರಡು ಬೆರಳಿನ ಆಟ ಸಾಮಾನ್ಯವಾಗಿ ನಡೆಯುವುದಿಲ್ಲ, ಆದರೆ ಮೂಟೆ ತೂಕಕ್ಕೆ ಅದೆಲ್ಲ ಯಾಕೆ ಬೇಕು?

ಮೊದಲು ಸೆಟ್ಟಿಂಗ್ಸಿನಲ್ಲಿ ಕ್ಯಾಲಿಬ್ರೇಶನ್ ಮಾಡಿ, ಅಂದರೆ ಒತ್ತಿದ ಜಾಗವನ್ನೂ ಪರದೆಯ ಜಾಗವನ್ನೂ ಮತ್ತೆ ಹೊಂದಿಸಿ. ಮೂಲೆಯ ಗುರುತುಗಳನ್ನು ಪೆನ್ನಿನ ಹಿಂಬದಿಯಿಂದ ಒತ್ತಿದರೆ ಸಾಕು.

ಮಂಡ್ಯ_ಮಿಲ್:
ಮಾಡಿದೆ. ಬೇರೆ ಬಟನ್ ಎಲ್ಲ ಸರಿಯಾಯಿತು, 25 ಕೆಜಿ ಜಾಗ ಮಾತ್ರ ಇನ್ನೂ ಹಾಗೇ ಇದೆ.

ಹುಣಸೂರು_ರಸ್ತೆ:
ಹುಡುಗರು ದಿನವೆಲ್ಲ ಅದೊಂದೇ ಬಟನ್ ಒತ್ತುತ್ತಾರೆ ಅಲ್ವಾ? ಮೇಲಿನ ಹಾಳೆ ಅಲ್ಲೇ ಬಾಗಿ ಬಾಗಿ ಲೇಪನ ಬಿರುಕು ಬಿಟ್ಟಿರಬಹುದು. ಕ್ಯಾಲಿಬ್ರೇಶನ್ ಇಡೀ ಪರದೆಗೆ ಒಂದೇ ಲೆಕ್ಕ ಹಾಕುತ್ತದೆ, ಒಂದು ಜಾಗದ ಸವೆತ ಅದರಿಂದ ಸರಿಹೋಗುವುದಿಲ್ಲ. ಇಡೀ ಪ್ಯಾನೆಲ್ ಬೇಡ ಸರ್. ಟಚ್ ಹಾಳೆ ಗಾಜಿನ ಸಮೇತ ಬೇರೆಯಾಗಿ ಸಿಗುತ್ತದೆ. ಪವರ್ ಆಫ್ ಮಾಡಿ, ಹಿಂದೆ ಬಿಚ್ಚಿ, ಟಚ್ ಹಾಳೆಯಿಂದ ಹೊರಬರುವ ಚಪ್ಪಟೆ ವೈರಿನ ಪಟ್ಟಿಯಲ್ಲಿ ನಾಲ್ಕು ವೈರೋ ಐದೋ ನೋಡಿ. ಅಳತೆ, ವೈರಿನ ಲೆಕ್ಕ, ಪಟ್ಟಿ ಹೊರಬರುವ ಬದಿ ಮೂರೂ ಹೊಂದಬೇಕು.

ಐದು ವೈರಿನದು ಜಾಸ್ತಿ ಬಾಳುತ್ತದೆ. ಅದರಲ್ಲಿ ಅಳತೆಯ ಕೆಲಸವೆಲ್ಲ ಗಾಜಿನ ಮೇಲೇ ನಡೆಯುತ್ತದೆ, ಮೇಲಿನ ಹಾಳೆ ಓದುವುದಕ್ಕಷ್ಟೇ. ಆದರೆ ನಾಲ್ಕರ ಜಾಗಕ್ಕೆ ಸುಮ್ನೆ ಐದು ಹಾಕುವುದಕ್ಕೆ ಬರುವುದಿಲ್ಲ, ಟಚ್ ಓದುವ ಕಂಟ್ರೋಲರ್ ಚಿಪ್ ಬೇರೆ.

ಹೊಸದು ಬರುವವರೆಗೆ ಮೆಷಿನ್ ಪ್ರೋಗ್ರಾಂ ಮಾಡಿದವರಿಗೆ ಹೇಳಿ, 25 ಕೆಜಿ ಬಟನ್ನನ್ನು ಪರದೆಯಲ್ಲಿ ಸವೆಯದ ಕಡೆಗೆ ಸರಿಸಿಕೊಡಿ ಅಂತ. ಕೆಲಸ ನಿಲ್ಲುವುದಿಲ್ಲ.